ಹಾಳೆ ಗಾಡಿಯಿಂದ ಸ್ಕೇಟ್‌ಬೋರ್ಡ್‌ವರೆಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಬೆಳೆದ ನಮಗೆ ಮೊದಲ ಗಾಡಿ ಅಂದ್ರೆ ಅಡಿಕೆ ಹಾಳೆ. ಒಬ್ಬ ಹಾಳೆಯಲ್ಲಿ ಕೂರಬೇಕು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಎಳೆಯಬೇಕು. ಸ್ವಲ್ಪ ದೊಡ್ಡವರಾದ ಮೇಲೆ ಗ್ಯಾರೇಜಿನವರು ಬಿಸಾಡಿದ ಬೇರಿಂಗಿಗೆ ಹಲಗೆ ತುಂಡು ಸೇರಿಸಿ ಇಳಿಜಾರಿನಲ್ಲಿ ಬಿಡುತ್ತಿದ್ದೆವು. ಒಂದು ರೂಪಾಯಿ ಖರ್ಚಿಲ್ಲ.

ಸ್ಕೇಟ್‌ಬೋರ್ಡಿನ ಕತೆ ಶುರುವಾದದ್ದೂ ಹೀಗೇ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರು, ಕಡಲಲ್ಲಿ ಅಲೆ ಇಲ್ಲದ ದಿನ ಹಲಗೆಗೆ ರೋಲರ್ ಸ್ಕೇಟಿನ ಚಕ್ರ ಜೋಡಿಸಿ ರಸ್ತೆಯಲ್ಲೇ ಜಾರಿದರು. 1970ರ ದಶಕದಲ್ಲಿ ಪಾಲಿಯುರೆಥೇನ್ ಚಕ್ರ ಬಂದು ಹಿಡಿತ ಸಿಕ್ಕಿತು. ಬರಗಾಲದಲ್ಲಿ ಅಲ್ಲಿನ ಈಜುಕೊಳಗಳು ಖಾಲಿಯಾದಾಗ ಹುಡುಗರು ಅದರೊಳಗೇ ಇಳಿದರು.

ಗ್ರಾಫಿಟಿಯೂ ಆ ಕಾಲದ್ದೇ. ನ್ಯೂಯಾರ್ಕಿನಲ್ಲಿ ಒಬ್ಬ ಹುಡುಗ ಹೋದಲ್ಲೆಲ್ಲ 'ಟಾಕಿ 183' ಅಂತ ಬರೆದ. 183 ಅವನ ಬೀದಿಯ ನಂಬರು. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆದ ಮೇಲೆ ಉಳಿದವರೂ ಗೋಡೆ, ರೈಲು ಬಿಡಲಿಲ್ಲ. ಗುಂಪು ಕಟ್ಟಿಕೊಂಡು ಬರೆದರು. 'ನಾನೂ ಇಲ್ಲಿದ್ದೇನೆ' ಅನ್ನುವುದಷ್ಟೇ ಅದರ ಅರ್ಥ.

ನಮ್ಮ ರಾಜ್ಯಕ್ಕೂ ಇದು ಹೊಸತಲ್ಲ. 2013ರಲ್ಲಿ ಬೆಂಗಳೂರಿನ ಹೋಲಿಸ್ಟೋಕ್ಡ್ ತಂಡ ವಿದೇಶಿ ಸ್ಕೇಟರ್‌ಗಳ ಜೊತೆ ಸೇರಿ ಕೈಯಾರೆ ಕಾಂಕ್ರೀಟ್ ಸ್ಕೇಟ್‌ಪಾರ್ಕ್ ಕಟ್ಟಿತು. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಮಾಡಿಟ್ಟರು. ಗುಂಡಿಯನ್ನು ಎಲ್ಲರೂ ನೋಡುವಂತಾಯ್ತು.

ಈಗ ಊರಲ್ಲಿರುವ ಅಕ್ಕನ ಮಗನಿಗೂ ಸ್ಕೇಟ್‌ಬೋರ್ಡ್ ಬೇಕಂತೆ. "ಎಂತಕ್ಕೆ ಮಾರಾಯ, ಬಿದ್ದು ಕೈಕಾಲು ಮುರ್ಕೊಳ್ಲಿಕ್ಕಾ?" ಅಂತಾಳೆ ಅಕ್ಕ. ಅವಳ ಹೆದರಿಕೆ ಸುಳ್ಳಲ್ಲ. ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 73, ಮೂಡುಬಿದಿರೆಯಲ್ಲಿ ಹಾದುಹೋಗುವುದು 169. ಬಸ್ಸು, ಟಿಪ್ಪರ್‌ಗಳ ನಡುವೆ ಮಕ್ಕಳು ಎಲ್ಲಿ ಆಡಬೇಕು? ಮನೆಯ ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ, ಅದರ ಮೇಲೆ ಆ ಸಣ್ಣ ಚಕ್ರ ಸಲೀಸಾಗಿ ಓಡದು. ಪಕ್ಕದ ಗದ್ದೆ ಸೈಟಾಗಿದೆ.

"ಹೆಲ್ಮೆಟ್, ಮೊಣಕಾಲಿನ ಪ್ಯಾಡ್ ನಾನು ತರ್ತೇನೆ, ಜಾಗ ನೀನು ಹುಡುಕು" ಅಂದಿದ್ದೇನೆ. ದೊಡ್ಡ ಪಾರ್ಕೇ ಆಗಬೇಕೆಂದಿಲ್ಲ. ಯಾವುದಾದರೂ ಶಾಲೆಯ ಸಿಮೆಂಟ್ ಅಂಗಳ ಆದಿತ್ಯವಾರ ಎರಡು ಗಂಟೆ ಸಿಕ್ಕಿದರೆ ಸಾಕು. ಬಣ್ಣ ಬಳಿಯಲು ಒಂದು ಕಾಂಪೌಂಡ್ ಗೋಡೆಯನ್ನೂ ಬಿಟ್ಟುಕೊಟ್ಟರೆ ಇನ್ನೂ ಒಳ್ಳೇದು. ಜಾಗ ಕೊಡದಿದ್ದರೆ ಮಕ್ಕಳು ಒಂದೋ ರಸ್ತೆಗೆ ಇಳೀತಾರೆ, ಇಲ್ಲ ಮೊಬೈಲಿಗೆ ಅಂಟಿಕೊಳ್ತಾರೆ.

ನಿಮ್ಮ ಊರಲ್ಲಿ ಅಂಥ ಜಾಗ ಉಂಟಾ?