ಐದು ಸ್ವರಗಳ ಹುಡುಕಾಟ

ಮೂರನೇ ಕ್ಲಾಸಿನ ಮಗಳು ಒಂದು ಶುಕ್ರವಾರ ಸಂಜೆ ಹೋಮ್‌ವರ್ಕ್ ಹಾಳೆ ಹಿಡಿದು ಬಂದಳು. ಎ, ಇ, ಐ, ಓ, ಯು ಐದೂ ಇರುವ ಇಂಗ್ಲಿಷ್ ಪದಗಳನ್ನು ಹುಡುಕಬೇಕಂತೆ. ‘ಎಜುಕೇಶನ್’ ಅಂದೆ. ಅದು ಟೀಚರೇ ಕೊಟ್ಟ ಉದಾಹರಣೆ, ನಡೆಯಲ್ಲ ಅಂದಳು. ‘ಬಿಹೇವಿಯರ್’ ಅಂದೆ. ಬರೆದು ನೋಡಿ, “ಅಪ್ಪಾ, ಇದರಲ್ಲಿ ಯು ಎಲ್ಲಿದೆ?” ಅಂತ ಕೇಳಿದಳು. ಹಾಸನದ ಶಾಲೆಯಲ್ಲಿ ನಾನು ಕಲಿತ ಬ್ರಿಟಿಷ್ ಸ್ಪೆಲ್ಲಿಂಗಿನಲ್ಲಿ ಇದೆ, ಅಟ್ಲಾಂಟಾದಲ್ಲಿ ಇಲ್ಲ. ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ಇಂಥ ಪದಗಳಿಂದ ಯು ಕಿತ್ತುಹಾಕಿದ್ದ.

ದಿನವಿಡೀ ಡೇಟಾ ಜರಡಿ ಹಿಡಿಯುವವನು ಇಷ್ಟಕ್ಕೆ ಸೋಲುವುದೇ? ಲ್ಯಾಪ್‌ಟಾಪ್ ತೆಗೆದೆ. ಒಂದು ಪದಪಟ್ಟಿ, ಪ್ರತಿ ಪದದೊಳಗೂ ಈ ಐದು ಅಕ್ಷರ ಇವೆಯಾ ಎಂದು ಕೇಳುವ ಒಂದು ಸಾಲಿನ ಪೈಥಾನ್. ಪದಗಳ ರಾಶಿಯೇ ಬಂತು. ಕಾಲಿಫ್ಲವರ್ ಇದೆ, ಡಯಲಾಗ್ ಇದೆ. (ಹೀಗೆ ಕನ್ನಡದಲ್ಲಿ ಬರೆದಾಗ ಅರ್ಧ ಅಕ್ಷರಗಳು ಮಾಯ. ಇಂಗ್ಲಿಷಿನಲ್ಲಿ ಕಣ್ಣಿಗೆ ಕಾಣುವುದೆಲ್ಲ ಕಿವಿಗೆ ಕೇಳುವುದಿಲ್ಲವಲ್ಲ.) ‘ಸಬ್‌ಕಾಂಟಿನೆಂಟಲ್’ ಎಂಬ ನಮ್ಮ ಉಪಖಂಡದ ಪದದಲ್ಲಿ ಐದೂ ಸರಿಯಾಗಿ ಉಲ್ಟಾ ಕ್ರಮದಲ್ಲಿ, ಯುನಿಂದ ಎವರೆಗೆ, ಬರುತ್ತವೆ. ನನ್ನ ಹೆಂಡತಿಗೆ ಅದರಲ್ಲೇನೂ ಆಶ್ಚರ್ಯ ಕಾಣಲಿಲ್ಲ.

ಎಲ್ಲರಿಗೂ ಗೊತ್ತಿರುವ ಪದಗಳಲ್ಲಿ ತೀರಾ ಚಿಕ್ಕದು ಏಳಕ್ಷರದ ಸಿಕ್ವೋಯಾ: ಎಸ್, ಇ, ಕ್ಯೂ, ಯು, ಓ, ಐ, ಎ. ಕ್ಯಾಲಿಫೋರ್ನಿಯಾದ ಆ ದೈತ್ಯ ಮರ. ಚೆರೋಕೀ ಭಾಷೆಗೆ ಲಿಪಿ ಕಟ್ಟಿಕೊಟ್ಟ ಸಿಕ್ವೋಯಾ ಎಂಬಾತನಿಂದ ಮರಕ್ಕೆ ಆ ಹೆಸರು ಬಂತು ಅನ್ನುವುದು ಹೆಚ್ಚು ಜನ ಒಪ್ಪುವ ಮಾತು. ಆ ಲಿಪಿಯ ಊರು ನಮಗೆ ದೂರವೇನಲ್ಲ. ಮಾರನೇ ದಿನ ಬೇರೆ ಕೆಲಸ ಇರಲಿಲ್ಲ, ಐ-75 ಹಿಡಿದು ಉತ್ತರಕ್ಕೆ ಹೊರಟೆವು.

ಕ್ಯಾಲ್ಹೂನ್ ಪಕ್ಕದ ನ್ಯೂ ಎಕೋಟಾ 1825ರಿಂದ ಚೆರೋಕೀ ರಾಷ್ಟ್ರದ ರಾಜಧಾನಿ. ಈಗ ಬಯಲು, ಬಯಲಲ್ಲಿ ನಾಲ್ಕಾರು ಮರದ ಕಟ್ಟಡ. ಸಿಕ್ವೋಯಾನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಿಳಿಯರ ಕಾಗದ ಮಾತಾಡುತ್ತದೆ ಎನ್ನುವುದಷ್ಟೇ ಅವನಿಗೆ ಗೊತ್ತಿತ್ತು. ವರ್ಷಗಟ್ಟಲೆ ಕೂತು 1821ರ ಹೊತ್ತಿಗೆ ಎಂಬತ್ತೈದರಷ್ಟು ಚಿಹ್ನೆ ಮಾಡಿದ. ಒಂದೊಂದು ಚಿಹ್ನೆಯೂ ನಮ್ಮ ಕಾಗುಣಿತದ ಹಾಗೆ ಒಂದು ಪೂರ್ತಿ ಉಚ್ಚಾರ. ಅವನ ಮೊದಲ ವಿದ್ಯಾರ್ಥಿ ಅವನ ಪುಟ್ಟ ಮಗಳೇ ಎನ್ನುತ್ತಾರೆ. ವೆಬ್‌ಸ್ಟರನ ನಿಘಂಟು ಬಂದ ಅದೇ 1828ರಲ್ಲಿ ಇಲ್ಲಿಂದ ‘ಚೆರೋಕೀ ಫೀನಿಕ್ಸ್’ ಪತ್ರಿಕೆ ಎರಡು ಭಾಷೆಯಲ್ಲಿ ಹೊರಟಿತು. 1834ಕ್ಕೆ ಪತ್ರಿಕೆ ನಿಂತಿತು. 1838ರಲ್ಲಿ ಸೈನ್ಯ ಬಂದು ಜನರನ್ನೇ ಪಶ್ಚಿಮಕ್ಕೆ ಅಟ್ಟಿತು, ದಾರಿಯಲ್ಲಿ ಸಾವಿರಾರು ಜನ ಸತ್ತರು.

ಲಿಪಿಯ ಪಟ್ಟಿಯ ಮುಂದೆ ಮಗಳು, “ಡಿ, ಆರ್, ಟಿ. ಇದು ಇಂಗ್ಲಿಷೇ ಅಪ್ಪಾ, ಆದ್ರೆ ವವೆಲ್ಸೇ ಇಲ್ಲ” ಅಂದಳು. ಇತ್ತು. ಡಿ ಆಕಾರದ್ದು ಅಲ್ಲಿ ‘ಅ’, ಆರ್ ಆಕಾರದ್ದು ‘ಎ’, ಟಿ ಆಕಾರದ್ದು ‘ಇ’. ಆಕಾರ ಇಂಗ್ಲಿಷಿನದು, ಉಸಿರು ಅವರದು.

ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು: “ಕನ್ನಡದಲ್ಲಿ ಐದೂ ಇರೋ ವರ್ಡ್ ಯಾವುದು?” ಅವಳು ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅದು ನನ್ನದೇ ತಪ್ಪು. ‘ಮುಂದಿನ ವರ್ಷದಿಂದ ಶುರು ಮಾಡೋಣ’ ಅಂತ ಮೂರು ವರ್ಷದಿಂದ ಹೇಳುತ್ತಿದ್ದೇನೆ.

ರಾತ್ರಿ ಊಟವಾದ ಮೇಲೆ ಅದೇ ಪ್ರೋಗ್ರಾಮಿಗೆ ಅ, ಇ, ಉ, ಎ, ಒ ಕೊಟ್ಟೆ. ಹುಡುಕಲು ಕನ್ನಡ ಬರಹ ಬೇಕಲ್ಲ. ನನ್ನ ಫೋನಿನಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವವರು ಅಮ್ಮ ಒಬ್ಬರೇ, ಉಳಿದ ನಾವೆಲ್ಲ ಇಂಗ್ಲಿಷ್ ಅಕ್ಷರದ ಗಿರಾಕಿಗಳು. ಅವರ ವಾಟ್ಸಾಪ್ ಸಂದೇಶಗಳನ್ನೇ ಹಾಕಿದೆ. ಉತ್ತರ ಸೊನ್ನೆ. ಆಮೇಲೆ ಹೊಳೆಯಿತು: ‘ಕನಕ’ದಲ್ಲಿ ಮೂರು ‘ಅ’ ಇದ್ದರೂ ಕಂಪ್ಯೂಟರಿಗೆ ಒಂದೂ ಕಾಣುವುದಿಲ್ಲ. ‘ಕಿ’ಯಲ್ಲಿರುವುದು ಗುಡಿಸು, ‘ಇ’ ಅಲ್ಲ. ‘ಕ’ದೊಳಗಿನ ‘ಅ’ಕ್ಕಂತೂ ಯಾವ ಗುರುತೂ ಇಲ್ಲ, ಓದುವವರೇ ಸೇರಿಸಿಕೊಳ್ಳಬೇಕು. ಒಂದನೇ ಕ್ಲಾಸಿನಲ್ಲಿ ಕ್+ಅ=ಕ ಅಂತ ಬಾಯಿಪಾಠ ಮಾಡಿದ್ದನ್ನು ಮೂವತ್ತು ವರ್ಷದ ಮೇಲೆ ಕೋಡಿನಲ್ಲಿ ಬರೆದೆ: ಗುಣಿತದ ಗುರುತಿದ್ದರೆ ಅದರ ಸ್ವರ, ಗುರುತೂ ಇಲ್ಲ, ಒತ್ತೂ ಇಲ್ಲ ಅಂದರೆ ‘ಅ’.

ಈ ಸಲ ಕೆಲವು ಪದ ಸಿಕ್ಕವು. ಒಂದು ಮಾತ್ರ ಐದೇ ಅಕ್ಷರದ್ದು, ಅಕ್ಷರಕ್ಕೊಂದು ಸ್ವರ, ಒಂದೂ ಎರಡು ಸಲ ಬಂದಿಲ್ಲ. ಹೊರಡುತ್ತಿದ್ದೆ.

“ಮೀನಿಂಗ್ ಏನು?” ಅಂದಳು ಮಗಳು. ಪೂರ್ತಿ ಸಂದೇಶ ತೆಗೆದು ಓದಿದೆ. ‘ಈ ಮಂಡಿನೋವು ಒಂದಿಲ್ಲದಿದ್ದರೆ ಪುಟ್ಟಿಯ ಹುಟ್ಟುಹಬ್ಬಕ್ಕೆ ನಾನೂ ಹೊರಡುತ್ತಿದ್ದೆ.’ ಜನವರಿಯದು. ಆಫೀಸಿನಲ್ಲಿ ಯಾವುದೋ ಮೀಟಿಂಗಿನ ನಡುವೆ ನೋಡಿದ್ದೆ.

“ಅಜ್ಜಿಗೆ ಬರಬೇಕು ಅಂತಿತ್ತಾ?”

“ಇತ್ತು.”

“ನೀನೇನಂದೆ?”

ಕೆಳಗೆ ನನ್ನ ಉತ್ತರ ಇತ್ತು. ಹಳದಿ ಹೆಬ್ಬೆರಳು.

ಅವಳು ಏನೂ ಅನ್ನಲಿಲ್ಲ. ಹೋಮ್‌ವರ್ಕ್ ಹಾಳೆ ತಿರುಗಿಸಿ, ಪರದೆ ನೋಡಿಕೊಂಡು ಐದೂ ಅಕ್ಷರ ಬರೆಯತೊಡಗಿದಳು. ‘ತ್ತಿ’ಯ ಒತ್ತು ಎಲ್ಲೋ ಪಕ್ಕಕ್ಕೆ ಜಾರಿತ್ತು. ನಮ್ಮಲ್ಲಿ ರಾತ್ರಿ ಒಂಬತ್ತು, ಹಾಸನದಲ್ಲಿ ಬೆಳಗಿನ ಆರೂವರೆ. ಅಮ್ಮ ಹಾಲು ಕಾಯಿಸುವ ಹೊತ್ತು. ಫೋನ್ ಮಾಡಿದೆ.