ಒಂದು ಸಲ, ಎರಡು ಸಲ

ನಮ್ಮ ದೇವಾಲಯದಲ್ಲಿ ದಾನಿಗಳ ಹೆಸರು ಕಾಣಿಸುವುದು ಕರೆಂಟು ಹೋದಾಗ ಮಾತ್ರ. ಮಾಡಿನಿಂದ ಇಳಿಬಿಟ್ಟ ಫ್ಯಾನುಗಳ ಒಂದೊಂದು ಎಲೆಯ ಮೇಲೂ, ಇಂಥವರ ಜ್ಞಾಪಕಾರ್ಥ ಇಂಥವರು ಕೊಟ್ಟದ್ದು ಎಂದು ಕೆಂಪು ಪೇಂಟಿನಲ್ಲಿ ಬರೆಸಿದ್ದಾರೆ. ಫ್ಯಾನು ತಿರುಗುತ್ತಿದ್ದರೆ ಅದೊಂದು ಕೆಂಪು ಗೆರೆ, ಅಷ್ಟೆ. ಪ್ರಸಂಗದ ನಡುವೆ ಕರೆಂಟು ಹೋಯಿತೋ, ಗೆರೆ ಮೆಲ್ಲಗೆ ಅಕ್ಷರವಾಗುತ್ತದೆ; ಸಭೆಯವರೆಲ್ಲ ಬೆವರು ಒರೆಸಿಕೊಳ್ಳುತ್ತ ಮೇಲೆ ನೋಡಿ ಓದುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಿರಲಿ ಎಂಬ ಉಪದೇಶ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ನಮ್ಮ ಹಿರಿಯರು ಅದನ್ನು ಮೀರಿದವರಲ್ಲ. ಕರೆಂಟು ಇರುವಷ್ಟು ಹೊತ್ತು ಪಾಲಿಸುತ್ತಾರೆ.

ವಾರದ ಕಾಣಿಕೆಗೆ ಇನ್ನೂ ಬಿಗಿಯಾದ ಏರ್ಪಾಡು. ಮಖಮಲ್ಲಿನ ಚೀಲವೊಂದು ಸಾಲಿನಿಂದ ಸಾಲಿಗೆ ಬರುತ್ತದೆ. ಮುಷ್ಟಿ ಒಳಗೆ ಹೋಗುತ್ತದೆ, ಬರಿ ಬೆರಳು ಹೊರಗೆ ಬರುತ್ತವೆ. ಹಾಕಿದ್ದು ಐನೂರೋ ಐದೋ ಚೀಲಕ್ಕೇ ಗೊತ್ತು. ಯೆರೂಸಲೇಮಿನ ದೇವಾಲಯದಲ್ಲಿ ಇಷ್ಟು ಗುಟ್ಟು ಇರಲಿಲ್ಲ. ಯೇಸುಸ್ವಾಮಿ ಕಾಣಿಕೆ ಪೆಟ್ಟಿಗೆಯ ಎದುರಿಗೇ ಕುಳಿತು ಯಾರು ಹೇಗೆ ಹಾಕುತ್ತಾರೆಂದು ನೋಡುತ್ತಿದ್ದರು. ಬಡ ವಿಧವೆಯ ಎರಡು ಚಿಕ್ಕಾಸು ಅವರ ಕಣ್ಣಿಗೆ ಬಿದ್ದದ್ದು ಹಾಗೆ. ಮಖಮಲ್ಲಿನ ಚೀಲ ಇದ್ದಿದ್ದರೆ ಆ ಹೆಂಗಸು ಸುವಾರ್ತೆಯೊಳಗೇ ಬರುತ್ತಿರಲಿಲ್ಲ.

ವರ್ಷವಿಡೀ ಕಾಪಾಡಿಕೊಂಡ ಈ ಗುಟ್ಟನ್ನೆಲ್ಲ ಒಂದು ದಿನ ಮೈಕು ಹಿಡಿದು ರಟ್ಟು ಮಾಡುತ್ತೇವೆ. ಅದು ಸುಗ್ಗಿ ಹಬ್ಬದ ಏಲಂ.

ಇಂಗ್ಲಿಷರ ಸಭೆಗಳಲ್ಲಿ ಸುಗ್ಗಿ ಹಬ್ಬಕ್ಕೆ ಈಗಿನ ರೂಪ ಕೊಟ್ಟವರೆಂದು ಹೇಳುವುದು ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಎಂಬ ಕಡಲತಡಿಯ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರ್ ಅವರನ್ನು, ವರ್ಷ 1843. ಹಡಗು ಒಡೆದು ಸತ್ತ ನಾವಿಕರ ಹೆಣಗಳನ್ನು ಬಂಡೆಗಳ ನಡುವಿನಿಂದ ತರಿಸಿ ಮಣ್ಣು ಮಾಡಿಸಿದ ಪುಣ್ಯಾತ್ಮ. ಭಾನುವಾರ ಇಲಿ ಹಿಡಿಯಿತೆಂದು ತನ್ನ ಬೆಕ್ಕಿಗೆ ಸಭೆಯಿಂದ ಬಹಿಷ್ಕಾರ ಹಾಕಿದರೆಂಬ ಕಥೆಯೂ ಅವರ ಮೇಲಿದೆ. ಅದೇ 1843ರಲ್ಲಿ ಇತ್ತ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸುವ ಗಡಿಬಿಡಿಯಲ್ಲಿದ್ದರು. 1834ರಲ್ಲಿ ಇಲ್ಲಿಗೆ ಬಂದಿಳಿದ ಆ ಮಿಷನ್ನಿನವರ ಸೀಮೆಯಲ್ಲೂ ಸುಗ್ಗಿಯ ಕೃತಜ್ಞತೆಗೆಂದು ಒಂದು ದಿನ ಇತ್ತು. ನಮ್ಮ ಅಜ್ಜಂದಿರಿಗಂತೂ ಅವರ್ಯಾರೂ ಬರುವ ಮೊದಲೇ ಮನೆಗೆ ತೆನೆ ಕಟ್ಟಿ, ಹೊಸ ಅಕ್ಕಿ ಉಂಡು ಗೊತ್ತಿತ್ತು. ಮೊದಲ ಮಹಾಯುದ್ಧದ ಕಾಲಕ್ಕೆ ಜರ್ಮನ್ ಮಿಷನರಿಗಳು ಊರು ಬಿಡಬೇಕಾಗಿ ಬಂತು. 1865ರಿಂದ ಹೊಗೆಯಾಡುತ್ತಿದ್ದ ಅವರ ಹಂಚಿನ ಕಾರ್ಖಾನೆಯೂ ಬೇರೆಯವರ ಕೈಸೇರಿತು. ಆಮೇಲೆ ಸಭೆಯ ಮಾಡು ಸೋರಿದರೆ ಕಾಗದ ಬರೆಯಲು ಬಾಸೆಲ್ ಇಲ್ಲ. ಕುಂಬಳಕಾಯಿ ಇತ್ತು.

ಕುಂಬಳಕಾಯಿ ಅಂದರೆ ನಮ್ಮ ದೊಡ್ಡಮ್ಮನ ಕುಂಬಳಕಾಯಿ. ಹಬ್ಬದ ಬೆಳಿಗ್ಗೆ ವೇದಿಯ ಮೆಟ್ಟಿಲುಗಳ ಮೇಲೆ ಬಾಳೆಗೊನೆ, ತೊಂಡೆಕಾಯಿ, ಬಸಳೆಯ ಕಟ್ಟು, ಸುವರ್ಣಗೆಡ್ಡೆ, ಸೌತೆಕಾಯಿ, ಭತ್ತದ ತೆನೆ, ಕಾಲು ಕಟ್ಟಿದ ಊರ ಕೋಳಿ ಎಲ್ಲ ಸೇರಿ ದೇವಾಲಯಕ್ಕೆ ಸಂತೆಯ ವಾಸನೆ ಬಂದಿರುತ್ತಿತ್ತು. ದೊಡ್ಡಮ್ಮ ತನ್ನ ಕುಂಬಳಕಾಯಿಗೆ ಎಣ್ಣೆ ಸವರಿ ತರುತ್ತಿದ್ದಳು. ಏಲಂ ನಿಯಮಗಳು ಎಲ್ಲೂ ಬರೆದಿರಲಿಲ್ಲ, ಆದರೆ ಬಲು ಕಟ್ಟುನಿಟ್ಟು. ತಾನು ತಂದದ್ದನ್ನು ತಾನೇ ಕೂಗಬಾರದು. ಬರಿಗೈಯಲ್ಲಿ ಮನೆಗೆ ಹೋಗಬಾರದು. ಆದ್ದರಿಂದ ದೊಡ್ಡಮ್ಮನ ಕುಂಬಳಕಾಯಿ ಆಚೆಮನೆಗೆ ಹೋಗುತ್ತಿತ್ತು, ಆಚೆಮನೆಯ ಕುಂಬಳಕಾಯಿ ಪೇಟೆಯ ಮೂರು ಪಟ್ಟು ಕ್ರಯಕ್ಕೆ ನಮ್ಮ ಮನೆಗೆ ಬರುತ್ತಿತ್ತು. ಸಂಜೆಗೆ ಎರಡೂ ಮನೆಯಲ್ಲಿ ಅದೇ ಪಲ್ಯ. ಅರ್ಥಶಾಸ್ತ್ರ ಓದಿದವರು ಇದಕ್ಕೆ ಏನೆನ್ನುತ್ತಾರೋ ಗೊತ್ತಿಲ್ಲ. ಕೋಳಿಯ ಆಸೆಗೆ ಬರುತ್ತಿದ್ದ ಪಕ್ಕದ ಶೆಟ್ಟರು ಮಾತ್ರ, “ನಿಮ್ಮ ದೇವರಿಗೆ ವ್ಯಾಪಾರ ಗೊತ್ತುಂಟು” ಎನ್ನುತ್ತಿದ್ದರು. ಗೊನೆ ಕೂಗಿ ಹಿಡಿದು, ಅದನ್ನು ಅಲ್ಲೇ ಮಧ್ಯಾಹ್ನದ ಊಟಕ್ಕೆ ಬಿಟ್ಟು ಹೋಗುತ್ತಿದ್ದವರೂ ಅವರೇ.

ಏಲಂ ಕೂಗುವವರು ನಿವೃತ್ತ ಡ್ರಿಲ್ ಮಾಸ್ಟ್ರು. ಅವರ “ಒಂದು ಸಲ” ದೇವಾಲಯದ ಹಿಂದಿನ ತೋಡಿನವರೆಗೂ ಕೇಳಿಸುತ್ತಿತ್ತು. ಒಂದು ವರ್ಷ ಹುಂಜವೊಂದು ಏಲಂಗೆ ಬಂತು. ಇನ್ನೂರೈವತ್ತಕ್ಕೆ ಒಂದು ಸಲ ಆಯಿತು, ಎರಡು ಸಲ ಆಯಿತು, ಮೂರನೆಯದಕ್ಕೆ ಮಾಸ್ಟ್ರು ಬಾಯಿ ತೆರೆಯುವಷ್ಟರಲ್ಲಿ ಹುಂಜ ಕತ್ತೆತ್ತಿ ಕೂಗಿತು. ಕೋಳಿ ಕೂಗುವ ಮೊದಲು ಮೂರು ಸಲ ‘ನಾನವನನ್ನರಿಯೆ’ ಎಂದ ಪೇತ್ರನ ಕಥೆ ಸಂಡೇ ಸ್ಕೂಲಿನ ಮಕ್ಕಳಿಗೂ ಬಾಯಿಪಾಠ. ಸಭೆ ಘೊಳ್ಳೆಂದಿತು. ಅಯ್ಯನವರು ನಗು ತಡೆಯಲು ಅಂಗಿಯ ತೋಳು ಕಚ್ಚಿಕೊಂಡರು. ಇನ್ನೂರೈವತ್ತು ಕೂಗಿದ್ದ ಹಿರಿಯರು ಮಾತ್ರ ಬೆವರಿ, ಯಾರೂ ಕೇಳದೆಯೇ ಮುನ್ನೂರೆಂದು ತಾವೇ ಏರಿಸಿಕೊಂಡರು.

ಈ ಮಾಸ್ಟ್ರಿಗೆ ಎಡಗಿವಿ ಮಂದ. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು. ವೈದ್ಯರ ಚೀಟಿ ಕಂಡವರಿಲ್ಲ. ಆ ಕಿವಿಯ ಗುಣ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಗಲ್ಫಿನಿಂದ ರಜೆಗೆ ಬಂದವರು ಎಲ್ಲಿ ಕುಳಿತು ಪಿಸುಗುಟ್ಟಿದರೂ ಅದು ಮಾಸ್ಟ್ರಿಗೆ ಕೇಳಿಸುತ್ತಿತ್ತು. ಕೆಮ್ಮಿದರೂ ನೂರು ರೂಪಾಯಿ ಏರುತ್ತಿತ್ತು. ಆದರೆ ಹಿಂದಿನ ಬೆಂಚಿನಲ್ಲಿ ಒಬ್ಬಾಕೆ ಇರುತ್ತಿದ್ದರು, ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕುತ್ತಿದ್ದವರು. ಮೊಟ್ಟೆಯಿಡುವ ಹೇಂಟೆ ಬಂದಾಗ ಆಕೆ ಸೆರಗಿನ ಮರೆಯಿಂದ “ಐವತ್ತು” ಎಂದರೆ, ಆಮೇಲೆ ಎಪ್ಪತ್ತು, ಎಂಬತ್ತು, ನೂರು ಎಂದು ಮುಂದಿನ ಸಾಲುಗಳು ಎಷ್ಟು ಬೊಬ್ಬೆ ಹೊಡೆದರೂ ಮಾಸ್ಟ್ರಿಗೆ ಕೇಳಿಸುತ್ತಿರಲಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ ಮೂರೂ ಒಂದೇ ಉಸಿರಿನಲ್ಲಿ ಮುಗಿದು ಹೇಂಟೆ ಹಿಂದಿನ ಬೆಂಚಿಗೆ ಹೋಗಿಬಿಡುತ್ತಿತ್ತು. “ನಾನು ನೂರು ಹೇಳಿದ್ದೆ ಮಾಸ್ಟ್ರೇ” ಎಂದು ಯಾರಾದರೂ ಜಗಳಕ್ಕೆ ಬಂದರೆ, “ಈ ಕಿವಿ ಮಾರಾಯ, ಎಂಥ ಮಾಡುವುದು” ಎಂದು ಕಿವಿ ಹಿಂಡಿಕೊಳ್ಳುತ್ತಿದ್ದರು. ಎಡಗಿವಿಗೆ ಗೊತ್ತಾದದ್ದು ಬಲಗಿವಿಗೆ ತಿಳಿಯಬಾರದೆಂದು ಅವರ ಸುವಾರ್ತೆಯಲ್ಲಿ ಬರೆದಿತ್ತೋ ಏನೋ.

ರೂತಳ ಗ್ರಂಥ ಓದುವಾಗಲೆಲ್ಲ ನನಗೆ ಈ ಕಿವಿಯ ನೆನಪು. ಯಾಜಕಕಾಂಡದ ಕಟ್ಟಳೆ ಏನೆಂದರೆ, ಹೊಲ ಕೊಯ್ಯುವವನು ಅಂಚಿನವರೆಗೂ ಕೊಯ್ಯಬಾರದು, ಉದುರಿದ ತೆನೆಗೆ ತಿರುಗಿ ಹೋಗಬಾರದು. ಅದು ಬಡವನಿಗೂ ಪರದೇಶಿಗೂ ಸೇರಿದ್ದು. ರೂತಳು ಎರಡೂ ಹೌದು. ಗಂಡ ಸತ್ತ ಮೋವಾಬ್ ದೇಶದ ಹೆಣ್ಣು, ಅತ್ತೆಯ ಬೆನ್ನು ಹಿಡಿದು ಬೇತ್ಲೆಹೇಮಿಗೆ ಬಂದವಳು. ಹೊಲದ ಯಜಮಾನ ಬೋವಜ ಕಟ್ಟಳೆಯಷ್ಟಕ್ಕೇ ನಿಲ್ಲಲಿಲ್ಲ. ಸಿವುಡುಗಳಿಂದ ಬೇಕೆಂದೇ ಒಂದಿಷ್ಟು ತೆನೆ ಎಳೆದು ಬೀಳಿಸಿ, ಆಕೆಯನ್ನು ಗದರಿಸಬೇಡಿ ಎಂದು ಆಳುಗಳಿಗೆ ಹೇಳಿದ. ಕರೆದು ಒಂದು ಮುಡಿ ಬಾರ್ಲಿ ಕೊಟ್ಟಿದ್ದರೆ ಅದು ಧರ್ಮವಾಗುತ್ತಿತ್ತು, ರೂತಳ ತಲೆ ತಗ್ಗುತ್ತಿತ್ತು. ಬಿದ್ದದ್ದನ್ನು ಆಯ್ದುಕೊಂಡವಳಿಗೆ ತನ್ನ ದುಡಿಮೆ ತಾನು ಉಂಡ ಗತ್ತು. ಹಿಂದಿನ ಬೆಂಚಿನ ಆಕೆಯೂ ಹಾಗೆಯೇ ಹೇಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು, ಏಲಂನಲ್ಲಿ ಊರನ್ನೇ ಸೋಲಿಸಿದವರ ನಡಿಗೆಯಲ್ಲಿ ಹೋಗುತ್ತಿದ್ದರು.

ರಕ್ಷಣೆ ಕ್ರಿಯೆಗಳಿಂದಲ್ಲ, ಕೃಪೆಯಿಂದ ಎಂದು ಲೂಥರನ ಕಾಲದಿಂದ ನಮ್ಮವರು ಹೇಳಿಕೊಂಡು ಬಂದಿದ್ದೇವೆ. ದೃಢೀಕರಣದ ತರಗತಿಯಲ್ಲಿ ನಾನೂ ಅದನ್ನು ಒಪ್ಪಿಸಿ ಪಾಸಾದವನು. ಆದರೆ ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟಿಯಾಗಿಯೇ ತೆಗೆದುಕೊಳ್ಳುವುದು ನಮ್ಮ ಜಾಯಮಾನದಲ್ಲಿಲ್ಲ. ಆಚೆಮನೆಯಿಂದ ಪಾಯಸ ಬಂದ ತಟ್ಟೆಯನ್ನು ಖಾಲಿ ಕಳಿಸದೆ ಒಂದು ಮುಷ್ಟಿ ಸಕ್ಕರೆಯಾದರೂ ಹಾಕುವ ಜನ ನಾವು. ದೇವರ ತಟ್ಟೆಗೂ ಕುಂಬಳಕಾಯಿ ಇಟ್ಟು, ಈಗ ಲೆಕ್ಕ ಸರಿಯಾಯಿತು ಎಂದು ಕೈ ತೊಳೆಯುತ್ತೇವೆ. ಮಳೆಯ ಲೆಕ್ಕ ಯಾರೂ ಕೇಳುವುದಿಲ್ಲ.

ದ್ರಾಕ್ಷಿ ತೋಟದ ಆಳುಗಳ ಸಾಮ್ಯವನ್ನು ಓದಿದ ಭಾನುವಾರವಂತೂ ನಮ್ಮಲ್ಲಿ ಮನೆ ಮನೆಗೂ ಅಸಮಾಧಾನ. ಬೆಳಿಗ್ಗೆ ಬಂದವನಿಗೂ ಒಂದು ಬೆಳ್ಳಿ ನಾಣ್ಯ, ಸಂಜೆ ಐದಕ್ಕೆ ಬಂದವನಿಗೂ ಅದೇ ಒಂದು. ನಮ್ಮಪ್ಪ ಯೂನಿಯನ್ನಿನವರು. ಊಟಕ್ಕೆ ಕುಳಿತಲ್ಲೇ, “ಇದು ಕಾರ್ಮಿಕ ಕಾಯಿದೆಗೆ ವಿರುದ್ಧ” ಎನ್ನುತ್ತಿದ್ದರು. ಸಭೆಯಲ್ಲಿ ಯಾರನ್ನು ಕೇಳಿದರೂ ಅವರು ಬೆಳಿಗ್ಗೆ ಆರಕ್ಕೇ ತೋಟಕ್ಕೆ ಬಂದವರೇ. ಐದು ಗಂಟೆಗೆ ಬಂದವನು ಪ್ರತಿ ಸಲವೂ ಬೇರೆ ಯಾರೋ. ಒಮ್ಮೆ ದೊಡ್ಡಮ್ಮ ಸಾರು ಬಡಿಸುತ್ತ, “ಕೆಲಸ ಸಿಗದೆ ಸಂಜೆವರೆಗೆ ಕಟ್ಟೆಯಲ್ಲಿ ಕೂತವನ ಮನೆಯಲ್ಲಿಯೂ ರಾತ್ರಿ ಉಣ್ಣುವವರು ಅಷ್ಟೇ ಜನ ಅಲ್ವಾ?” ಎಂದಳು. ಅಪ್ಪ ಇನ್ನೊಂದು ಸೌಟು ಸಾರು ಕೇಳಿದರು. ಮರುವರ್ಷ ಅದೇ ವಾದ ಮೊದಲಿನಿಂದ ಶುರುವಾಯಿತು, ಅದು ಬೇರೆ ಮಾತು.

ಈಗ ಆ ಗದ್ದೆಗಳಿಲ್ಲ. ಗದ್ದೆಯಿದ್ದಲ್ಲಿ ಸೈಟುಗಳು, ಸೈಟುಗಳಲ್ಲಿ ಬೀಗ ಹಾಕಿದ ಮನೆಗಳು. ವೇದಿಯ ಮೆಟ್ಟಿಲ ಮೇಲೆ ಸೂಪರ್ ಮಾರ್ಕೆಟಿನ ಹೂಕೋಸು, ಚೀಟಿ ಅಂಟಿಸಿದ ಸೇಬು, ಸೋನಾ ಮಸೂರಿಯ ಐದು ಕಿಲೋ ಚೀಲ. ಕಡಲ ತಡಿಯಲ್ಲಿ ನಿಂತು ಹಿಮಾಚಲದ ಸೇಬಿಗೂ ತುಂಗಭದ್ರೆಯ ನೀರಿಗೂ ಕೃತಜ್ಞತೆ ಹೇಳುತ್ತೇವೆ. ತಪ್ಪೇನಿಲ್ಲ, ಆ ಮಳೆಯೂ ಅಲ್ಲಿಂದಲೇ ಬಂದದ್ದು. ಆದರೂ ಬಾರ್‌ಕೋಡಿನ ಮುಂದೆ ಮೊಣಕಾಲೂರುವಾಗ ಒಂಥರಾ ಆಗುತ್ತದೆ. ಕೂಗುವವರೂ ಈಗ ಫೋನಿನೊಳಗಿಂದ ಕೂಗುತ್ತಾರೆ. ದೊಡ್ಡಮ್ಮನ ಮೊಮ್ಮಗ ಮಸ್ಕತ್ತಿನಲ್ಲಿದ್ದಾನೆ. ಅಲ್ಲಿ ಭಾನುವಾರ ಕೆಲಸದ ದಿನ. ಆಫೀಸಿನ ಮೆಟ್ಟಿಲ ಕೆಳಗೆ ಅಡಗಿ ನಿಂತು ವಿಡಿಯೋ ಕಾಲಿನಲ್ಲಿ ಕುಂಬಳಕಾಯಿ ಕೂಗುತ್ತಾನೆ. ಕಳೆದ ವರ್ಷ ನೆಟ್‌ವರ್ಕ್ ತಡವಾಗಿ, ತನ್ನದೇ ಎಂಟುನೂರು ತನಗೆ ಬೇರೆ ಯಾರದ್ದೋ ಎಂಬಂತೆ ಕೇಳಿಸಿ, ಒಂಬತ್ತುನೂರು, ಸಾವಿರ, ಸಾವಿರದ ಇನ್ನೂರು ಎಂದು ತನ್ನ ಮೇಲೆ ತಾನೇ ಹಟಕ್ಕೆ ಬಿದ್ದ. ಮಾಸ್ಟ್ರು ತಡೆಯಲಿಲ್ಲ. ಕಿವಿ ಆ ದಿನ ಚೆನ್ನಾಗಿತ್ತು.

ವಾರ್ಷಿಕ ಲೆಕ್ಕದ ಕೂಟ ನಡೆದದ್ದು ಅದಾಗಿ ಕೆಲವು ತಿಂಗಳಿಗೆ. ಮೊದಲು ಧ್ಯಾನ. ಅಯ್ಯನವರು ಆರಿಸಿಕೊಂಡದ್ದು ಕ್ಷಮಿಸದ ಸೇವಕನ ಸಾಮ್ಯ. ಅರಸನಿಗೆ ಹತ್ತು ಸಾವಿರ ತಲಾಂತು ಸಾಲವಿದ್ದವನಿಗೆ ಅಷ್ಟೂ ಮಾಫಿಯಾಗುತ್ತದೆ. ಅವನು ಹೊರಗೆ ಬಂದವನೇ ನೂರು ನಾಣ್ಯ ಕೊಡಬೇಕಾದ ಜೊತೆ ಸೇವಕನ ಕುತ್ತಿಗೆ ಹಿಡಿಯುತ್ತಾನೆ. ಖಜಾಂಚಿಗಳು ಸಹಕಾರಿ ಬ್ಯಾಂಕಿನಲ್ಲಿ ತಲೆ ನರೆಸಿದವರು. ಧ್ಯಾನ ನಡೆಯುತ್ತಿದ್ದ ಹಾಗೆಯೇ ಲೆಕ್ಕದ ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಏನೋ ಗೀಚಿ ನನ್ನ ಕಡೆ ತಿರುಗಿಸಿದರು. ಒಂದು ತಲಾಂತಿಗೆ ಸುಮಾರು 6,000 ದಿನದ ಕೂಲಿ, ಹತ್ತು ಸಾವಿರಕ್ಕೆ 6 ಕೋಟಿ ದಿನ, ವರ್ಷಕ್ಕೆ ಮುನ್ನೂರು ದಿನ ದುಡಿದರೂ 2 ಲಕ್ಷ ವರ್ಷ. ಕೆಳಗೆ ಎರಡು ಗೆರೆ ಎಳೆದಿದ್ದರು. “ಜಾಮೀನು ಇಲ್ಲದೆ ಇಷ್ಟು ಸಾಲ ಕೊಟ್ಟದ್ದೇ ತಪ್ಪು” ಎಂದು ಪಿಸುಗುಟ್ಟಿದರು.

ಧ್ಯಾನಕ್ಕೆ ಆಮೆನ್ ಹೇಳಿ ಅವರೇ ಎದ್ದು ಏಲಂ ಬಾಕಿದಾರರ ಪಟ್ಟಿ ಓದತೊಡಗಿದರು. ಬಾಳೆಗೊನೆ ಇಷ್ಟು, ತೆಂಗಿನ ಸಸಿ ಇಷ್ಟು, ಮಸ್ಕತ್ತಿನ ಕುಂಬಳಕಾಯಿ ಇಷ್ಟು. ಕೊನೆಗೆ ಒಂದು ಹೆಸರಿನ ಮುಂದೆ ಎಲ್ಲರಿಗಿಂತ ದೊಡ್ಡ ಮೊತ್ತ: ಬಾಡಿದ ಹರಿವೆ ಸೊಪ್ಪು, ಒಡಕು ತೆಂಗಿನಕಾಯಿ, ಮಕ್ಕಳು ತಂದ ಒಂದೇ ಒಂದು ನಿಂಬೆಹಣ್ಣು, ಯಾರೋ ಅಜ್ಜಿಯ ಎರಡು ಮೊಟ್ಟೆ. ಯಾರೂ ಕೂಗದೆ ಉಳಿದದ್ದನ್ನೆಲ್ಲ, ತಂದವರ ಮುಖ ಸಣ್ಣದಾಗುವ ಮೊದಲೇ ಮಾಸ್ಟ್ರು ಒಳ್ಳೆಯ ಕ್ರಯ ಹೇಳಿ ತಮ್ಮ ಹೆಸರಿಗೆ ಬರೆಸಿಕೊಂಡಿದ್ದರು. ಅವರ ಪೆನ್ಷನ್ ಎಷ್ಟೆಂದು ಕೂಟದಲ್ಲಿ ಎಲ್ಲರಿಗೂ ಗೊತ್ತಿತ್ತು.

ಖಜಾಂಚಿಗಳು ಕನ್ನಡಕ ಸರಿಮಾಡಿಕೊಂಡು, “ಮಾಸ್ಟ್ರೇ, ನಿಮ್ಮದು ನಾಲ್ಕು ಸಾವಿರದ ಇನ್ನೂರ ಮೂವತ್ತು ಬಾಕಿ ಉಂಟು” ಎಂದರು.

“ಆಂ?” ಎಂದರು ಮಾಸ್ಟ್ರು, ಎಡಗಿವಿಗೆ ಕೈ ಒಡ್ಡಿ.

ಖಜಾಂಚಿಗಳು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು. ಮಾಸ್ಟ್ರು ಆಗಲೂ “ಆಂ?” ಎಂದರು. ಎರಡು ಸಲ ಆಯಿತು. ಖಜಾಂಚಿಗಳು ಅಯ್ಯನವರ ಮುಖ ನೋಡಿದರು, ಪೆನ್ಸಿಲಿನ 6 ಕೋಟಿಯನ್ನು ನೋಡಿದರು. ಮೂರನೆಯ ಸಲ ಹೇಳದೆ ಪುಟ ಮಗುಚಿ, “ಮುಂದಿನ ವಿಷಯ, ಶಾಮಿಯಾನದ ಬಾಡಿಗೆ. ಇದನ್ನು ಮಾತ್ರ ಎಲ್ಲರೂ ಸರಿಯಾಗಿ ಕೇಳಿಸಿಕೊಳ್ಳಬೇಕು” ಎಂದರು.