ಶರಾವತಿಯ ಜೊತೆ ಇಳಿದು, ಅಘನಾಶಿನಿಯ ಜೊತೆ ಹತ್ತಿ

ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ತದಡಿಯಲ್ಲಿ ಸೇರುತ್ತದೆ. ಎರಡೂ ಘಟ್ಟದ ಮೇಲಿನ ಹೊಳೆಗಳೇ. ಎರಡೂ ಪಶ್ಚಿಮಕ್ಕೆ ಹರಿಯುವವು, ಎರಡೂ ನೂರು ಕಿಲೋಮೀಟರ್ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಮುಗಿಯುವವು. ಅಳಿವೆಗಳಂತೂ ನೆರೆಹೊರೆ. ಆದರೆ ಶರಾವತಿಗೆ ಲಿಂಗನಮಕ್ಕಿ ಇದೆ, ತಲಕಳಲೆ ಇದೆ, ಗೇರುಸೊಪ್ಪೆಯ ಅಣೆಕಟ್ಟು ಇದೆ. ಅಘನಾಶಿನಿಗೆ ಹುಟ್ಟಿನಿಂದ ಅಳಿವೆಯವರೆಗೆ ಒಂದು ಅಣೆಕಟ್ಟೂ ಇಲ್ಲ. ಈ ಸಲ ಮನೆಯವರೆಲ್ಲ ಸೇರಿ ಘಟ್ಟ ಇಳಿಯುವ ಮಾತು ಬಂದಾಗ ನಾನು ಪಟ್ಟು ಹಿಡಿದದ್ದು ಇದೊಂದಕ್ಕೆ: ಶರಾವತಿಯ ಜೊತೆ ಇಳಿಯೋಣ, ಅಘನಾಶಿನಿಯ ಜೊತೆ ಹತ್ತೋಣ. ನಡುವೆ ಸಮುದ್ರ ಇದ್ದೇ ಇರುತ್ತದೆ.

ಮಗಳ ಪಟ್ಟಿ ಬೇರೆಯೇ ಇತ್ತು. ಮಂಗಳೂರಿಗೆ ಇಳಿದು, ಹೆದ್ದಾರಿ ಹಿಡಿದು, ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ, ಕಾರವಾರ. ಎಲ್ಲವೂ ನೋಡಬೇಕಾದ ಜಾಗಗಳೇ, ಅದರಲ್ಲಿ ತಕರಾರಿಲ್ಲ. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಇರುವಾಗ ಕಾರು ನಿಲ್ಲಿಸದೆ ಹೋಗುವವರು ಯಾರು? ಆದರೂ ಕರಾವಳಿಯನ್ನು ದಕ್ಷಿಣದಿಂದ ಉತ್ತರಕ್ಕೆ ಗೆರೆ ಎಳೆದ ಹಾಗೆ ಓಡಿದರೆ ನಮಗೆ ಸಿಗುವುದು ಹೊಳೆಗಳ ಬಾಯಿ ಮಾತ್ರ. ಈ ಸೀಮೆಯ ಬದುಕು ಹರಿದದ್ದು ಅಡ್ಡಡ್ಡವಾಗಿ, ಘಟ್ಟದಿಂದ ಕಡಲಿಗೆ. ಮೆಣಸು, ಅಡಿಕೆ, ಅಕ್ಕಿ ಇಳಿದವು, ಉಪ್ಪು, ಮೀನು, ತೆಂಗು ಹತ್ತಿದವು. ಉದ್ದುದ್ದ ಹೋಗುವ ದಾರಿ ಈಚಿನದು. ಸೇತುವೆಗಳು ಬರುವವರೆಗೆ ಪ್ರತಿ ಹೊಳೆಯೂ ದಾರಿಹೋಕರನ್ನು ದಡದಲ್ಲಿ ನಿಲ್ಲಿಸಿ ದೋಣಿಗೆ ಕಾಯಿಸುತ್ತಿತ್ತು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದೇ 1998ರಲ್ಲಿ. ಹೊಳೆಗಳನ್ನು ದಾಟುತ್ತ ಹೋಗುವುದಕ್ಕೂ ಅವುಗಳ ಜೊತೆ ಹೋಗುವುದಕ್ಕೂ ವ್ಯತ್ಯಾಸ ಬಹಳ. ಇದನ್ನು ಮಗಳಿಗೆ ನಕ್ಷೆ ಹರಡಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಬೀಚ್ ಎಲ್ಲಿ ಅಪ್ಪಾ?" ಎಂದಳು. ನ್ಯಾಯವಾದ ಪ್ರಶ್ನೆ.

ಬೀಚಿಗಾಗಿಯೇ ದಿಕ್ಕನ್ನು ಯೋಚಿಸಿದ್ದು. ನಮ್ಮ ದೇಶದಲ್ಲಿ ಗಾಡಿ ಓಡುವುದು ರಸ್ತೆಯ ಎಡಕ್ಕೆ. ಹೊನ್ನಾವರದಿಂದ ಕುಮಟೆಯ ಕಡೆ, ಅಂದರೆ ಉತ್ತರಕ್ಕೆ ಹೊರಟರೆ ಸಮುದ್ರವೂ ಎಡಕ್ಕೇ ಬರುತ್ತದೆ. ಧಾರೇಶ್ವರದ ಕಡಲತೀರಕ್ಕೋ ಬಾಡದ ಕಡೆಗೋ ತಿರುಗಬೇಕಾದರೆ ಎದುರು ಬರುವ ಲಾರಿಗಳನ್ನು ಅಡ್ಡಹಾಯುವ ಕಷ್ಟವಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ತಪ್ಪು ಬದಿಗೆ ಸಿಕ್ಕಿಕೊಂಡರೆ ಒಂದು ಯೂ-ಟರ್ನ್ ಹುಡುಕಿಕೊಂಡು ಮೈಲುಗಟ್ಟಲೆ ಹೋಗಬೇಕು, ಅಷ್ಟು ಹೊತ್ತಿಗೆ ನೋಡುವ ಉತ್ಸಾಹವೇ ಇಳಿದಿರುತ್ತದೆ. ಬೆಂಗಳೂರಿನಿಂದ ಶಿವಮೊಗ್ಗ, ಸಾಗರದ ಮೇಲೆ ಜೋಗಕ್ಕೆ ಬರುವುದು ಸಲೀಸು. ಮರಳುವಾಗ ಶಿರಸಿಯಿಂದ ಹಾವೇರಿಗೆ ಇಳಿದರೆ ಅಲ್ಲಿಂದ ಮುಂದೆ ದೊಡ್ಡ ರಸ್ತೆ. ಹೀಗೆ ದಿಕ್ಕು ತಾನಾಗಿ ಗೊತ್ತಾಯಿತು.

ತಿಂಗಳು ಯಾವುದು ಎಂಬ ಬಗ್ಗೆ ಮಾತ್ರ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಜೋಗವನ್ನು ನೋಡುವುದಾದರೆ ಆಷಾಢ ಶ್ರಾವಣದಲ್ಲೇ ನೋಡಬೇಕು. 253 ಮೀಟರ್ ಮೇಲಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಬೀಳುವಾಗ ಮಾತಾಡಿದ್ದು ಪಕ್ಕದವರಿಗೆ ಕೇಳಿಸುವುದಿಲ್ಲ. ಆದರೆ ಆ ತಿಂಗಳುಗಳಲ್ಲಿ ಘಟ್ಟದ ರಸ್ತೆಯನ್ನು ನಂಬುವಂತಿಲ್ಲ. ಮಂಜು ಕವಿದರೆ ಹತ್ತು ಮಾರು ಮುಂದಿನದು ಕಾಣುವುದಿಲ್ಲ. ಯಾವ ತಿರುವಿನಲ್ಲಿ ಮರ ಬಿದ್ದಿದೆಯೋ, ಎಲ್ಲಿ ಮಣ್ಣು ಜಾರಿದೆಯೋ ತಿಳಿಯುವುದಿಲ್ಲ. ಮೀನುಗಾರರೂ ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳನ್ನು ದಡಕ್ಕೆ ಕಟ್ಟಿರುತ್ತಾರೆ. ಜನವರಿಯ ನಂತರ ಹೋದರೆ ರಸ್ತೆಯೇನೋ ಒಣಗಿರುತ್ತದೆ, ಆಗ ಜೋಗ ಬರಿಯ ಬಂಡೆ. ಹೀಗಾಗಿ ದೀಪಾವಳಿಯ ಆಸುಪಾಸು ಎಂದಾಯಿತು. ಮಳೆ ಹಿಂದೆ ಸರಿದಿರುತ್ತದೆ, ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಘಟ್ಟದ ಕೆಳಗೆ ಗದ್ದೆಗಳು ಕೊಯ್ಲಿಗೆ ಬಂದಿರುತ್ತವೆ. ಜೋಗದಲ್ಲಿ ನೀರು ಎಷ್ಟಿರುತ್ತದೆ ಎಂಬುದು ಆಗ ಮೋಡಕ್ಕಿಂತ ಹೆಚ್ಚಾಗಿ ಲಿಂಗನಮಕ್ಕಿಗೆ ಸೇರಿದ ಮಾತು.

ಲಿಂಗನಮಕ್ಕಿಯ ಹೆಸರು ಬಂದಾಗ ಅಮ್ಮ ಸುಮ್ಮನಾಗುತ್ತಾಳೆ. ಅವಳ ತವರಿನ ಕಡೆಯವರಲ್ಲಿ ಮುಳುಗಡೆಯಾಗಿ ಎದ್ದು ಬಂದವರಿದ್ದಾರೆ. 1964ರ ಹೊತ್ತಿಗೆ ಅಣೆಕಟ್ಟು ಮುಗಿದು ನೀರು ಏರಿದಾಗ ತೋಟ, ಗದ್ದೆ, ದೇವಸ್ಥಾನ, ಶಾಲೆ, ಅದಕ್ಕೂ ಹಿಂದೆ ಇದೇ ಹೊಳೆಗೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಸಹಿತ ಎಲ್ಲವೂ ಒಳಗೆ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಹಿನ್ನೀರಿನಾಚೆ ಉಳಿದ ಊರುಗಳ ಜನ ದಶಕಗಳ ಕಾಲ ಲಾಂಚಿಗೆ ಕಾದರು. ಸಿಗಂದೂರಿಗೆ ಹೋಗುವ ಭಕ್ತರಿಗೆ ಅದು ವಿಹಾರ. ಬಸುರಿಯನ್ನೋ ಕಾಯಿಲೆಯವರನ್ನೋ ಕರೆದುಕೊಂಡು ರಾತ್ರಿ ದಡದಲ್ಲಿ ನಿಂತವರಿಗೆ ಅದು ಏನಾಗಿತ್ತು ಎಂದು ಅಲ್ಲಿಯವರನ್ನೇ ಕೇಳಬೇಕು. ಸೇತುವೆ ಬಂದದ್ದು 2025ರ ಜುಲೈಯಲ್ಲಿ. ನಮ್ಮ ಬೆಂಗಳೂರಿನ ಮನೆಯಲ್ಲಿ ಗುಂಡಿ ಒತ್ತಿದರೆ ಬೆಳಕು ಬರುವುದರ ಹಿಂದೆ ಈ ಊರುಗಳಿವೆ. ಆದ್ದರಿಂದ ಜೋಗದಲ್ಲಿ ಫೋಟೋ ತೆಗೆದುಕೊಂಡು ಹೊರಡುವ ಬದಲು, ಒಂದು ಮಧ್ಯಾಹ್ನ ಹಿನ್ನೀರಿನ ದಡಕ್ಕೆ ಹೋಗಿ ಬರಬೇಕೆಂದು ನಾನೇ ಸೇರಿಸಿದೆ. ಅಮ್ಮ ಬೇಡವೆನ್ನಲಿಲ್ಲ.

ಜೋಗದಿಂದ ಮಾವಿನಗುಂಡಿಗೆ ಬಂದು ಹೊನ್ನಾವರದ ದಾರಿ ಹಿಡಿದರೆ ಮಳೆಮನೆ ಘಟ್ಟ. ಸಾಮಾನ್ಯವಾಗಿ ಜನ ಇದನ್ನು ಒಂದು ದಮ್ಮಿಗೆ ಇಳಿದುಬಿಡುತ್ತಾರೆ. ನಾನು ಈ ಭಾಗಕ್ಕೆ ಪೂರ್ತಿ ಒಂದು ಬೆಳಗ್ಗೆ ಕೊಟ್ಟಿದ್ದೇನೆ. ಇಲ್ಲೇ ಕತ್ತಲೆಕಾನು ಇರುವುದು. ಹೆಸರಿಗೆ ತಕ್ಕ ಕಾಡು. ಅದರೊಳಗೆ ರಾಮಪತ್ರೆ ಜಡ್ಡಿಗಳಿವೆ, ವರ್ಷವಿಡೀ ನೀರು ನಿಲ್ಲುವ, ಮರಗಳು ಬೇರುಗಳನ್ನು ಮಂಡಿಯ ಹಾಗೆ ಮಡಚಿ ನೀರಿನ ಮೇಲಕ್ಕೆ ಎತ್ತಿ ಉಸಿರಾಡುವ ಜೌಗು. ಇಂಥ ಜಡ್ಡಿಗಳು ಒಂದು ಕಾಲಕ್ಕೆ ಘಟ್ಟದ ಕಣಿವೆಗಳಲ್ಲಿ ಸಾಕಷ್ಟಿದ್ದವು. ನೀರು ನಿಲ್ಲುವ ತಗ್ಗು ಜಾಗ ಗದ್ದೆಗೂ ತೋಟಕ್ಕೂ ಒಳ್ಳೆಯದಾದ್ದರಿಂದ ಅವೇ ಮೊದಲು ಹೋದವು. ಈಗ ಉಳಿದಿರುವುದು ಚೂರುಚೂರು. ಸಿಂಗಳೀಕ ಇರುವುದೂ ಈ ಕಾಡುಗಳಲ್ಲೇ. ಅದು ನೆಲಕ್ಕೆ ಇಳಿಯುವುದು ಕಡಿಮೆ, ಮರದಿಂದ ಮರಕ್ಕೇ ಹೋಗುವ ಪ್ರಾಣಿ. ಮೇಲೆ ಕೊಂಬೆಗೆ ಕೊಂಬೆ ತಾಗಿಕೊಂಡಿದ್ದರೆ ಅದರ ದಾರಿ ಇದೆ, ರಸ್ತೆ ಅಗಲವಾಗಿ ಆಕಾಶ ತೆರೆದುಕೊಂಡರೆ ಇಲ್ಲ. ಈ ಶರಾವತಿ ಕಣಿವೆಯಲ್ಲೇ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ತಲಕಳಲೆಗೂ ಗೇರುಸೊಪ್ಪೆಗೂ ನಡುವೆ ನೀರನ್ನು ಇಳಿಸಿ ಏರಿಸುವ ಯೋಜನೆ. ಇಷ್ಟು ಕೊಟ್ಟ ಹೊಳೆಯಿಂದ ಇನ್ನೂ ಕೇಳುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಮಗಳು ಸಿಂಗಳೀಕವನ್ನು ಅದರ ಮನೆಯಲ್ಲೇ ನೋಡಲಿ ಎಂಬ ಅವಸರವೂ ಈ ಪ್ರವಾಸದಲ್ಲಿದೆ. ಕಾರು ನಿಲ್ಲಿಸಿ ಬಾಳೆಹಣ್ಣು ಎಸೆಯುವವರನ್ನು ಕಂಡರೆ ಮಾತ್ರ ನನಗೆ ತಡೆಯಲಾಗದು. ರಸ್ತೆಬದಿಯ ತಿನಿಸಿಗೆ ಅಭ್ಯಾಸವಾದ ಕೋತಿ ಚಕ್ರದಡಿಗೇ ಬರುತ್ತದೆ.

ಘಟ್ಟ ಇಳಿದರೆ ಗೇರುಸೊಪ್ಪೆ. ಇಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಒಂದು ಕಾಲಕ್ಕೆ ಇದು ರಾಜಧಾನಿಯಾಗಿತ್ತು. 16ನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಇಲ್ಲಿಂದ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಮಲೆನಾಡಿನ ಮೆಣಸು ಅವಳ ಕೈಯಲ್ಲಿತ್ತು, ಅದು ಹೊರದೇಶಕ್ಕೆ ಹೋಗುವ ಅಳಿವೆಗಳೂ ಅವಳ ಕೈಯಲ್ಲಿದ್ದವು. ಅಘನಾಶಿನಿಯ ದಡದ ಮಿರ್ಜಾನ್ ಕೋಟೆಯ ಜೊತೆಗೂ ಅವಳದೇ ಹೆಸರು ಸೇರಿದೆ. ಹೀಗೆ ನಾನು ನಕ್ಷೆಯಲ್ಲಿ ಜೋಡಿಸಿದ ಎರಡು ಹೊಳೆಗಳನ್ನು ನಾಲ್ಕು ಶತಮಾನಗಳ ಹಿಂದೆಯೇ ಒಬ್ಬ ಹೆಂಗಸು ಜೋಡಿಸಿ ಆಳಿದ್ದಳು. ಮಿರ್ಜಾನಿನ ಕೆಂಪುಕಲ್ಲಿನ ಗೋಡೆಗಳ ಮೇಲೆ ಮಳೆಗಾಲ ಕಳೆದ ಹೊಸತರಲ್ಲಿ ಪಾಚಿ ಹಸಿರು ಇನ್ನೂ ಇರುತ್ತದೆ.

ಹೊನ್ನಾವರದಿಂದ ನಿಧಾನವಾಗಿ ಹೊರಟು ಕುಮಟೆಯಲ್ಲಿ ತಂಗುವುದು. ಕುಮಟೆಯ ಗೆಳೆಯನಿಗೆ ಫೋನು ಮಾಡಿ ಯಾವ ದಿನ ಅಳಿವೆಗೆ ಹೋಗಬಹುದೆಂದು ಕೇಳಿದೆ. "ದಿನ ಕೇಳ್ಬೇಡ ಮಾರಾಯಾ, ಇಳಿತ ಯಾವಾಗ ಅಂತ ಕೇಳು" ಎಂದ. ಅವನ ಮಾತು ನಿಜ. ಅಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಎಂದು ಬರೆದಿಟ್ಟುಕೊಂಡು ಏನೂ ಪ್ರಯೋಜನವಿಲ್ಲ. ಉಬ್ಬರ ಇಳಿತಗಳು ದಿನದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಹಿಂದೆ ಬೀಳುತ್ತ ಹೋಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗೆ ನೀರು ದೂರದವರೆಗೆ ಸರಿಯುತ್ತದೆ. ಆಗ ಅಘನಾಶಿನಿಯ ಮರಳುದಿಬ್ಬಗಳು ಮೇಲೇಳುತ್ತವೆ. ಊರಿನ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಸೊಂಟಮಟ್ಟದ ನೀರಿಗಿಳಿದು ಬಳಚು ಆರಿಸುತ್ತಾರೆ. ಸಾವಿರಾರು ಮನೆಗಳ ಒಲೆ ಉರಿಯುವುದು ಈ ಚಿಪ್ಪುಗಳಿಂದ. ಅಳಿವೆಯ ಅಂಚಿನ ಗಜನಿಗಳಲ್ಲಿ ಕಗ್ಗ ಬೆಳೆಯುತ್ತಾರೆ, ಉಪ್ಪುನೀರಿಗೆ ಹೆದರದ ಭತ್ತ. ಮಳೆ ಬಂದು ಉಪ್ಪು ತೊಳೆದ ಮೇಲೆ ಬಿತ್ತುತ್ತಾರೆ, ಕೊಯ್ದ ನಂತರ ಮರದ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟು ಸಿಗಡಿ ಹಿಡಿಯುತ್ತಾರೆ. ಒಂದೇ ನೆಲದಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಅಲ್ಲೇ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ. ಘಟ್ಟದ ಮೇಲಿಂದ ಕಾಡು ತೊಳೆದ ಸಿಹಿನೀರು ಕಾಲಕಾಲಕ್ಕೆ ಬರುತ್ತಿರುವುದರಿಂದ, ಅದನ್ನು ಯಾರೂ ನಡುವೆ ತಡೆದಿಲ್ಲದಿರುವುದರಿಂದ ಇಷ್ಟೆಲ್ಲ ಉಳಿದಿದೆ. 2024ರಲ್ಲಿ ಈ ಅಳಿವೆ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಶರಾವತಿಯನ್ನು ನೋಡಿಬಂದ ಮರುದಿನವೇ ಇಲ್ಲಿ ನಿಂತರೆ ಕಟ್ಟಿದ ಹೊಳೆ ಏನು ಕೊಡುತ್ತದೆ, ಕಟ್ಟದ ಹೊಳೆ ಏನು ಕೊಡುತ್ತದೆ ಎಂಬುದನ್ನು ಮಗಳಿಗೆ ನಾನು ಬಾಯಲ್ಲಿ ಹೇಳಬೇಕಾಗಿಲ್ಲ. ಕಾರನ್ನು ಅಘನಾಶಿನಿ ಊರಿನಲ್ಲಿ ಬಿಟ್ಟು ದೋಣಿಯಲ್ಲಿ ತದಡಿಗೆ ದಾಟಿ, ಗೋಕರ್ಣ ನೋಡಿ, ಮತ್ತೆ ದೋಣಿಯಲ್ಲೇ ಮರಳುವುದು. ಬೀಚಿನ ಪಾಲೂ ಅಲ್ಲಿಗೆ ಸಂದಾಯವಾಗುತ್ತದೆ.

ಇನ್ನೂ ಉತ್ತರಕ್ಕೆ, ಅಂಕೋಲೆಯವರೆಗೆ ಹೋಗುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಆ ದಾರಿಯಲ್ಲಿ ಶಿರೂರು ಇದೆ. 2024ರ ಜುಲೈ 16ರಂದು ಅಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಮನೆಯವರು, ಚಹಾಕ್ಕೆಂದು ನಿಲ್ಲಿಸಿದ ಲಾರಿಯವರು ಮಣ್ಣಿನ ಜೊತೆ ಗಂಗಾವಳಿಗೆ ಹೋದರು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಘಟ್ಟದ ಕೆಳಗಿನ ನೆಲ ಹೆಚ್ಚಾಗಿ ಜಂಬಿಟ್ಟಿಗೆ ಮತ್ತು ಅದರಡಿಯ ಮೆತ್ತನೆ ಜೇಡಿ. ಮೇಲಿನಿಂದ ಇಂಗಿದ ನೀರು ಆ ಜೇಡಿಯ ಮೇಲೆ ನಿಂತು ಜಾರುಬಂಡೆ ಮಾಡುತ್ತದೆ. ಗುಡ್ಡದ ಪಾದವನ್ನು ನೇರಕ್ಕೆ ಕಡಿದರೆ ಮೇಲಿನದಕ್ಕೆ ಆಸರೆಯೇ ಇರುವುದಿಲ್ಲ. ಹಳೆಯ ರಸ್ತೆಗಳು ಗುಡ್ಡವನ್ನು ಬಳಸಿ ಹೋದದ್ದರಿಂದಲೇ ನಿಧಾನವಾಗಿದ್ದವು. ನಮ್ಮ ಅವಸರಕ್ಕಾಗಿ ಗುಡ್ಡಗಳನ್ನು ಕಡಿದದ್ದು ಎಂಬ ಮಾತು ನನ್ನನ್ನು ಬಿಡುವುದಿಲ್ಲ. ನಾನೂ ಆ ರಸ್ತೆಯಲ್ಲಿ ಕಾರು ಓಡಿಸುವವನೇ. ಅಂಕೋಲೆಯನ್ನು ಬಿಟ್ಟೆ. ಕರಿ ಈಶಾಡು ಮಾವಿನ ಕಾಲದಲ್ಲಿ ಬೇರೆಯಾಗಿ ಹೋಗಬೇಕಾದ ಊರು ಅದು. ಒಂದು ನಿಯಮವನ್ನು ಮಾತ್ರ ಎಲ್ಲ ದಾರಿಗೂ ಹಾಕಿಕೊಂಡೆ: ಹೊಸದಾಗಿ ಕಡಿದ ಗುಡ್ಡದ ಬುಡದಲ್ಲಿ, ಎಷ್ಟೇ ಚಂದದ ನೋಟವಿದ್ದರೂ, ಕಾರು ನಿಲ್ಲಿಸುವುದಿಲ್ಲ. ಚಹಾ ಊರೊಳಗೆ.

ಹತ್ತುವ ದಾರಿ ದೇವಿಮನೆ ಘಟ್ಟ. ಕುಮಟೆಯಿಂದ ಶಿರಸಿಗೆ 60 ಕಿಲೋಮೀಟರಿನ ಆಸುಪಾಸು, ಮೊಬೈಲು ತೋರಿಸುವ ಹೊತ್ತಿನ ಮೇಲೆ ಧಾರಾಳವಾಗಿ ಒಂದು ಗಂಟೆ ಸೇರಿಸಿಕೊಂಡಿದ್ದೇನೆ. ದಾರಿಯಲ್ಲಿ ಒಳಗೆ ತಿರುಗಿದರೆ ಯಾಣ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಅಲ್ಲಿಗೆ ಹೋಗಲು ನಿಜಕ್ಕೂ ಮೈಯಲ್ಲಿ ಕಸುವಿರಬೇಕಿತ್ತು. ಈಗ ಹತ್ತಿರದವರೆಗೆ ಗಾಡಿ ಹೋಗುತ್ತದೆ. ಕಾಡಿನ ನಡುವಿಂದ 120 ಮೀಟರ್ ಎತ್ತರಕ್ಕೆ ಎದ್ದ ಭೈರವೇಶ್ವರ ಶಿಖರದ ಕಪ್ಪು ಗೋಡೆಯ ಕೆಳಗೆ ಅಮ್ಮ ಎಷ್ಟು ಮೆಟ್ಟಿಲು ಹತ್ತುತ್ತಾಳೋ ಅಷ್ಟಕ್ಕೆ ಅಂದಿನ ಪ್ರವಾಸ. ಅವಳಿಗೆ ತಿರುವುಗಳಲ್ಲಿ ತಲೆಸುತ್ತು. "ಹತ್ತೋ ಮುಂಚೆ ಹೊಟ್ಟೆ ತುಂಬ ಏನೂ ಕೊಡ್ಬೇಡ, ಮುಂದಿನ ಸೀಟು ನಂಗೆ ಬಿಟ್ಬಿಡು, ನಿಂಬೆಹಣ್ಣು ಮರೀಬೇಡ" ಎಂದು ಈಗಲೇ ಹೇಳಿಟ್ಟಿದ್ದಾಳೆ. ಶಿರಸಿಗೆ ಸೇರಿದ ಮೇಲೆ ಅವಳ ಇಷ್ಟದಂತೆ ಅಪ್ಪೆಹುಳಿ, ಅನ್ನ. ಉಂಚಳ್ಳಿ ಜಲಪಾತ ಮರುದಿನಕ್ಕೆ. ಅಘನಾಶಿನಿ 116 ಮೀಟರ್ ಕೆಳಗೆ ಬೀಳುವ ಜಾಗವದು. ಅಲ್ಲಿ ನೀರು ಬಿಡಲು ಯಾರ ಅಪ್ಪಣೆಯೂ ಬೇಕಿಲ್ಲ.

ದೇವಿಮನೆಯ ರಸ್ತೆಯನ್ನು ಅಗಲ ಮಾಡುವ ಕೆಲಸಕ್ಕೆಂದು ಆಗಾಗ ಮುಚ್ಚಿದ್ದುಂಟು. ಹೊರಡುವ ಹಿಂದಿನ ದಿನ ಗೆಳೆಯನಿಗೆ ಮತ್ತೆ ಫೋನು ಮಾಡಬೇಕು. ಮುಚ್ಚಿದ್ದರೆ ದೊಡ್ಡಮನೆ ಘಟ್ಟದ ಮೇಲೆ ಸಿದ್ದಾಪುರಕ್ಕೆ ಹತ್ತುವುದು. ಆ ರಸ್ತೆ ಇನ್ನೂ ಕಿರಿದು, ತಿರುವೂ ಹೆಚ್ಚು, ಆದರೆ ಕಣಿವೆ ಅದೇ ಅಘನಾಶಿನಿಯದು. ಅಮ್ಮನಿಗೆ ಇದನ್ನು ತಿಳಿಸಿದಾಗ, ಹಾಗಾದರೆ ನಿಂಬೆಹಣ್ಣು ಎರಡು ಹೆಚ್ಚಿಗೆ ಇಟ್ಟುಕೊ ಎಂದಳು.